ಸಂಜೆ ಯಾರಿಗಿದೆ?

“ಇವರಿಗೆಲ್ಲ ಕೆಲಸ ಇಲ್ವಾ?”

ಆತೆ ಹೀಗೆ ಕೇಳಿದಾಗ ಸಂಜೆ ಐದೂಮುಕ್ಕಾಲು. 2025ರ ಮಾರ್ಚ್ ತಿಂಗಳು. ಸೈಗಾನಿನ ಫು ನ್ಯುವಾನ್ ಕಡೆ ನಾನು ಬಾಡಿಗೆಗಿರುವ ಗಲ್ಲಿಯಲ್ಲಿ, ಓನರ್ ಮನೆ ಬಾಗಿಲ ಮುಂದೆ ಕೂತಿದ್ದೆವು. (ಊರಿನ ಹೆಸರು 1976ರಲ್ಲೇ ಹೊ ಚಿ ಮಿನ್ಹ್ ಸಿಟಿ ಅಂತ ಬದಲಾಯಿತು. ಗಲ್ಲಿಯವರ ಬಾಯಲ್ಲಿ ಇನ್ನೂ ಸೈಗಾನೇ.) ಪ್ಲಾಸ್ಟಿಕ್ ಸ್ಟೂಲು ಎಷ್ಟು ಗಿಡ್ಡ ಅಂದರೆ, ಕೂತರೆ ಮೊಣಕಾಲು ಎದೆಗೆ ಬರುತ್ತದೆ. ಎದುರು ಮನೆಯ ಅಜ್ಜ ಬನಿಯನ್‌ನಲ್ಲಿ ನಿಂತು ಕುಂಡಗಳಿಗೆ ನೀರು ಹಾಕುತ್ತಿದ್ದರು. ನಾಲ್ಕು ಜನ ಗಂಡಸರು ಚೈನೀಸ್ ಚೆಸ್ ಬೋರ್ಡಿನ ಸುತ್ತ ಕೂತಿದ್ದರು. ಇಬ್ಬರು ಆಡುವವರು, ಇನ್ನಿಬ್ಬರು ತಪ್ಪು ಹಿಡಿಯುವವರು. ಓನರಮ್ಮನ ತಂಗಿಯ ಮಗಳು ಆಗಷ್ಟೇ ಬ್ಯಾಂಕಿನಿಂದ ಬಂದು, ಬೈಕ್ ನಿಲ್ಲಿಸಿ, ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸಿ, ಬಟ್ಟೆ ಕೂಡ ಬದಲಿಸದೆ ಪಕ್ಕದ ಮನೆಯವರ ಜೊತೆ ಹರಟೆಗೆ ನಿಂತಿದ್ದಳು.

“ಕೆಲಸ ಇದೆ ಆತೆ, ಮುಗಿಸಿ ಬಂದಿದ್ದಾರೆ” ಅಂದೆ.

“ಇಷ್ಟು ಹೊತ್ತಿಗೇನಾ?” ಅಂದವರು ಮೊಬೈಲ್ ತೆಗೆದು ಟೈಮ್ ನೋಡಿದರು. ನನ್ನ ಮಾತು ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಆತೆ ಅಂದರೆ ಅತ್ತೆ ಅಲ್ಲ. ಟಗಾಲೊಗ್ ಭಾಷೆಯಲ್ಲಿ ಅಕ್ಕ. ನಾನು ಸಿದ್ಧ ಉಡುಪಿನ ಕ್ವಾಲಿಟಿ ಚೆಕಿಂಗ್ ಕೆಲಸದವನು. 2016ರಿಂದ ಮೂರು ವರ್ಷ ಮನಿಲಾದಲ್ಲಿದ್ದೆ, 2022ರಿಂದ ಸೈಗಾನಿನಲ್ಲಿದ್ದೇನೆ. ಮನಿಲಾ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವರು ಇವರು. ನನಗಿಂತ ನಾಲ್ಕು ವರ್ಷ ದೊಡ್ಡವರು. ನಾಲ್ಕು ದಿನದ ರಜೆ ಹಾಕಿ ಮೊದಲ ಸಲ ವಿಯೆಟ್ನಾಂ ನೋಡಲು ಬಂದಿದ್ದರು.

ಎರಡೂ ಕಡೆ ಇದ್ದವನು ಅಂತ ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ. ಯಾವುದು ಚೆನ್ನಾಗಿದೆ? ನಾನು ಇಷ್ಟು ವರ್ಷ ಕೇಳಿದವರ ಮುಖ ನೋಡಿ ಉತ್ತರ ಕೊಡುತ್ತಿದ್ದೆ. ಇಂಗ್ಲಿಷ್ ಮೇಲೆ ಆಸೆ ಇರುವವರಿಗೆ ಮನಿಲಾ ಅಂದೆ, ತಿನ್ನೋ ಚಪಲದವರಿಗೆ ಸೈಗಾನ್ ಅಂದೆ. ಅವೆಲ್ಲ ಜಾರಿಕೊಳ್ಳುವ ಮಾತು. ಆತೆಯ ಆ ಒಂದು ಪ್ರಶ್ನೆ ಮಾತ್ರ ಅವತ್ತಿನಿಂದ ತಲೆಯಲ್ಲಿ ಕೂತಿದೆ.

ಲೆಕ್ಕದ ಪುಸ್ತಕ

ಅಂಕಿಗಳನ್ನು ಬೇಗ ಮುಗಿಸಿಬಿಡುತ್ತೇನೆ. 1990ರಲ್ಲಿ ವಿಯೆಟ್ನಾಂನ ತಲಾ ಆದಾಯ ವರ್ಷಕ್ಕೆ 100 ಡಾಲರ್ ಸುತ್ತಮುತ್ತ ಇತ್ತು. ಫಿಲಿಪ್ಪೀನ್ಸ್‌ನದು ಅದರ ಏಳೆಂಟು ಪಟ್ಟು. 2023ರ ಹೊತ್ತಿಗೆ ಎರಡೂ 4,000 ಡಾಲರ್ ಆಸುಪಾಸಿಗೆ ಬಂದಿದ್ದವು, ವಿಯೆಟ್ನಾಂ ಒಂದು ಹೆಜ್ಜೆ ಮುಂದಿತ್ತು. ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ 2022ರ ಲೆಕ್ಕಕ್ಕೆ ವಿಯೆಟ್ನಾಂ 107ನೇ ಸ್ಥಾನ, ಫಿಲಿಪ್ಪೀನ್ಸ್ 113. ಸಂತೋಷ ಅಳೆಯುತ್ತೇವೆ ಅನ್ನುವ ಜಾಗತಿಕ ವರದಿಯ 2024ರ ಪಟ್ಟಿಯಲ್ಲಿ ಫಿಲಿಪ್ಪೀನ್ಸ್ 53, ವಿಯೆಟ್ನಾಂ 54. ಅಕ್ಕಪಕ್ಕದ ಸೀಟು. ಈ ಪಟ್ಟಿ ನೋಡಿಕೊಂಡು ಊರು ಆರಿಸುವವರಿದ್ದರೆ ನಾಣ್ಯ ಚಿಮ್ಮಿ ನೋಡುವುದೇ ವಾಸಿ.

ನನಗೆ ನಿಜಕ್ಕೂ ತಲೆ ಕೆಡಿಸಿದ್ದು ಕೂಲಿಯ ಲೆಕ್ಕ. ಫ್ಯಾಕ್ಟರಿಗಳಲ್ಲಿ ಓಡಾಡುವವನಿಗೆ ಸಹಜವಾಗಿ ಕಣ್ಣು ಅಲ್ಲಿಗೇ ಹೋಗುತ್ತದೆ. 2024ರ ಜುಲೈನಲ್ಲಿ ಮನಿಲಾ ಮಹಾನಗರದಲ್ಲಿ ಕನಿಷ್ಠ ಕೂಲಿ ದಿನಕ್ಕೆ 645 ಪೆಸೊ ಆಯಿತು. ತಿಂಗಳಿಗೆ 26 ದಿನ ದುಡಿದರೆ ಹೆಚ್ಚುಕಮ್ಮಿ 290 ಡಾಲರ್. ಅದೇ ಜುಲೈನಲ್ಲಿ ಸೈಗಾನಿನಲ್ಲಿ ತಿಂಗಳಿಗೆ 49,60,000 ಡಾಂಗ್ ಆಯಿತು. ಕೇಳಲು ಅರ್ಧ ಕೋಟಿ, ಲೆಕ್ಕ ಹಾಕಿದರೆ 195 ಡಾಲರ್. ಅಂದರೆ ಕಾಗದದ ಮೇಲೆ ಮನಿಲಾದವನಿಗೆ ನೂರು ಡಾಲರ್‌ನಷ್ಟು ಜಾಸ್ತಿ. ಆದರೂ ತಿಂಗಳ ಕೊನೆಯಲ್ಲಿ ಸಾಲ ಕೇಳಿದವರು ನನಗೆ ಮನಿಲಾದಲ್ಲೇ ಜಾಸ್ತಿ ಸಿಕ್ಕಿದರು. ಕರೆಂಟು ಒಂದನ್ನೇ ತೆಗೆದುಕೊಳ್ಳಿ. ಮನಿಲಾದಲ್ಲಿ ಯೂನಿಟ್ಟಿಗೆ 20 ಸೆಂಟ್‌ನಷ್ಟು ಬೀಳುತ್ತದೆ, ಏಷ್ಯಾದಲ್ಲೇ ದುಬಾರಿ ಕರೆಂಟುಗಳಲ್ಲೊಂದು. ವಿಯೆಟ್ನಾಂನಲ್ಲಿ ಸರ್ಕಾರವೇ ಕರೆಂಟ್ ಮಾರುತ್ತದೆ, ಸರಾಸರಿ 8 ಸೆಂಟ್. ಬಾಡಿಗೆ, ಆಸ್ಪತ್ರೆ, ಮಕ್ಕಳ ಓದು, ಓಡಾಟದ ಖರ್ಚು ಎಲ್ಲವನ್ನೂ ಹೀಗೇ ಒಂದೊಂದಾಗಿ ಕಳೆಯುತ್ತಾ ಬಂದರೆ ಆ ನೂರು ಡಾಲರ್ ಎಲ್ಲೋ ದಾರಿಯಲ್ಲೇ ಕರಗಿಹೋಗಿರುತ್ತದೆ.

ಇಷ್ಟು ಲೆಕ್ಕ ನನ್ನ ಹತ್ತಿರ ಮೊದಲಿನಿಂದಲೂ ಇತ್ತು. ಆದರೆ ಸಂಜೆಯನ್ನು ನಾನು ಯಾವ ಕಾಲಮ್ಮಿನಲ್ಲೂ ಬರೆದಿರಲಿಲ್ಲ.

ಮಕಾತಿಯ ಕ್ಯೂ

ಮನಿಲಾಕ್ಕೆ ಹೋದ ಮೊದಲ ವರ್ಷ ನಾನು ಆಫೀಸಿಗೆ ನಡೆದೇ ಹೋಗುತ್ತಿದ್ದೆ. ಕಂಪನಿಯವರು ಆಫೀಸಿದ್ದ ಮಕಾತಿಯಲ್ಲೇ ಫ್ಲ್ಯಾಟ್ ಕೊಟ್ಟಿದ್ದರು. ಹದಿನೈದು ನಿಮಿಷದ ನಡಿಗೆ, ಎರಡೂ ಬದಿ ಮರ, ಕಾಫಿ ಅಂಗಡಿಗಳು. ಟ್ರಾಫಿಕ್ ಬಗ್ಗೆ ಜನ ಗೋಳಾಡುವುದನ್ನು ಕೇಳಿ, ಇವರದ್ದು ಸ್ವಲ್ಪ ಅತಿಯಾಯ್ತು ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಆತೆ ಮಗನ ಹುಟ್ಟುಹಬ್ಬಕ್ಕೆ ಕರೆದರು. ಮನೆ ಕವೀತೆ ಪ್ರಾಂತ್ಯದ ದಸ್ಮರಿನ್ಯಾಸ್‌ನಲ್ಲಿ. ಮ್ಯಾಪಿನಲ್ಲಿ ನೋಡಿದರೆ ಮೂವತ್ತು ಕಿಲೋಮೀಟರ್ ಚಿಲ್ಲರೆ. ಆಫೀಸ್ ಮುಗಿಸಿ ಒಟ್ಟಿಗೆ ಹೊರಟೆವು.

ಆರು ಗಂಟೆ ಹತ್ತು ನಿಮಿಷಕ್ಕೆ ವ್ಯಾನಿನ ಕ್ಯೂ ಸೇರಿದೆವು. ಮಾಲ್ ಒಂದರ ಹಿಂಬದಿ. ಕ್ಯೂ ನೇರವಾಗಿರಲಿಲ್ಲ, ಪಾರ್ಕಿಂಗ್ ಜಾಗ ಪೂರ್ತಿ ಹಾವಿನ ಹಾಗೆ ಸುತ್ತಿಕೊಂಡಿತ್ತು. ಎಲ್ಲರ ಕೈಯಲ್ಲೂ ಕೊಡೆ. ಯಾರೂ ತಳ್ಳುವುದಿಲ್ಲ, ಬಯ್ಯುವುದಿಲ್ಲ. ಅದೇ ನನಗೆ ವಿಚಿತ್ರ ಅನ್ನಿಸಿದ್ದು. ಮುಂದಿದ್ದ ಹೆಂಗಸು ಸ್ಪೀಕರ್ ಆನ್ ಮಾಡಿಕೊಂಡು ಮಗಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದರು. “ಏಳೊಂದ್ಲ ಏಳು ಆಯ್ತಲ್ಲ, ಈಗ ಕೆಳಗಿಳಿಸು” ಅನ್ನುವುದು, ಎರಡು ಹೆಜ್ಜೆ ಮುಂದೆ ಸರಿಯುವುದು, “ಇಳಿಸಿದ್ಯಾ?” ಅನ್ನುವುದು. ಹಿಂದಿದ್ದ ಹುಡುಗ ನಿಂತೇ ಊಟ ಮುಗಿಸಿದ. ಕಡಲೆಕಾಯಿ ಮಾರುವವನಿಗೆ ಕ್ಯೂನಲ್ಲಿದ್ದ ಅರ್ಧ ಜನರ ಹೆಸರು ಗೊತ್ತಿತ್ತು. ಆತೆ ಚಪ್ಪಲಿ ಬದಲಿಸಿಕೊಂಡರು. ಅವರ ಬ್ಯಾಗಿನಲ್ಲಿ ಕ್ಯೂಗೆ ಅಂತಲೇ ಒಂದು ಜೊತೆ ರಬ್ಬರ್ ಚಪ್ಪಲಿ ಇರುತ್ತಿತ್ತು. ಮೂರು ವರ್ಷ ಪಕ್ಕದಲ್ಲಿ ಕೂತು ಕೆಲಸ ಮಾಡಿದವರಲ್ಲಿ ನಾನು ಆವತ್ತಿನವರೆಗೆ ಗಮನಿಸದ ವಸ್ತು ಅದು.

ವ್ಯಾನ್ ಹತ್ತಿದಾಗ ಏಳೂಕಾಲು ದಾಟಿತ್ತು. ಮನೆ ಮುಟ್ಟಿದಾಗ ಒಂಬತ್ತೂ ಐದು. ಹುಟ್ಟುಹಬ್ಬದ ಹುಡುಗ ಹೊಸ ಅಂಗಿ ತೊಟ್ಟುಕೊಂಡೇ ಸೋಫಾದ ಮೇಲೆ ನಿದ್ದೆ ಹೋಗಿದ್ದ. ಅಜ್ಜಿ ಎಬ್ಬಿಸಿ ಕೂರಿಸಿದರು. ಕೇಕ್ ಕತ್ತರಿಸುವಾಗ ಲ್ಯಾಪ್‌ಟಾಪಿನಲ್ಲಿ ಅಪ್ಪ. ಹಡಗಿನ ಎಂಜಿನ್ ರೂಮಿನ ಕೆಲಸ, ಆಗ ಬ್ರೆಜಿಲ್ ಹತ್ತಿರ ಎಲ್ಲೋ ಇದ್ದರು. ಪಕ್ಕದ ಚೌಕದಲ್ಲಿ ಕುವೈತ್‌ನಿಂದ ಚಿಕ್ಕಮ್ಮ. ಆಕೆ ಕಳಿಸಿದ ದೊಡ್ಡ ರಟ್ಟಿನ ಡಬ್ಬ ಮೂಲೆಯಲ್ಲಿತ್ತು. ಬಲಿಕ್‌ಬಾಯನ್ ಡಬ್ಬ ಅನ್ನುತ್ತಾರೆ. ಒಳಗೆ ಶಾಂಪೂ, ಚಾಕೊಲೇಟ್, ಡಬ್ಬಿ ಮಾಂಸ, ಶೂ. ಆ ದೇಶದ ಎಷ್ಟೋ ಮನೆಗಳ ಕಥೆ ಇದು. ಸುಮಾರು ಒಂದು ಕೋಟಿ ಜನ ಹೊರಗಿದ್ದಾರೆ. 2023ರಲ್ಲಿ ಅವರು ಮನೆಗೆ ಕಳಿಸಿದ ಹಣ 3,700 ಕೋಟಿ ಡಾಲರ್‌ಗೂ ಜಾಸ್ತಿ. ದೇಶದ ಆದಾಯದಲ್ಲಿ ಹತ್ತಿರ ಹತ್ತಿರ ಹನ್ನೆರಡನೇ ಒಂದು ಪಾಲು. ಅಂಕಿಯಾಗಿ ಕೇಳಿದರೆ ಹೆಮ್ಮೆಯ ಮಾತು. ಸೋಫಾದ ಮೇಲೆ ಕಣ್ಣುಜ್ಜುತ್ತಾ ಸ್ಕ್ರೀನಿಗೆ ಕೇಕ್ ಹಿಡಿಯುವ ಹುಡುಗನನ್ನು ನೋಡಿದ ಮೇಲೆ ನನಗೆ ಆ ಅಂಕಿ ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸುತ್ತದೆ.

ರಾತ್ರಿ ಅಲ್ಲೇ ಮಲಗಿದೆ. ನಾಲ್ಕು ಗಂಟೆಗೆ ಅಲಾರಂ. ನಾಲ್ಕೂವರೆಗೆ ಹೊರಡಬೇಕು, ಐದಾದರೆ ಕೆಟ್ಟಿತು ಅಂದರು ಆತೆ. ಏಳಕ್ಕೆ ಮುಂಚೆಯೇ ಆಫೀಸಿನಲ್ಲಿದ್ದೆವು. ಎಂಟೂವರೆಗೆ ಕೆಲಸ ಶುರು. ಅಲ್ಲಿಯವರೆಗೆ ಆತೆ ಮೇಜಿನ ಮೇಲೆ ತಲೆಯಿಟ್ಟು ಮಲಗಿದರು. ಅದುವರೆಗೆ ಅವರು ಆಫೀಸಿಗೆ ಎಲ್ಲರಿಗಿಂತ ಮೊದಲು ಬರುವುದನ್ನು ನೋಡಿ ಶಿಸ್ತು ಅಂದುಕೊಂಡಿದ್ದೆ!

ಇದರಲ್ಲಿ ಬೇಜಾರಿನ ಸಂಗತಿ ಅಂದರೆ, ಆಗ್ನೇಯ ಏಷ್ಯಾದಲ್ಲೇ ಮೊದಲು ನಗರದ ಮೇಲು-ರೈಲು ಹಾಕಿದ ಊರು ಮನಿಲಾ. 1984ರಲ್ಲಿ. ಸೈಗಾನಿನ ಮೊದಲ ಮೆಟ್ರೋ ಓಡಿದ್ದು 2024ರ ಡಿಸೆಂಬರ್ 22ಕ್ಕೆ, ಪೂರ್ತಿ ನಲವತ್ತು ವರ್ಷ ತಡವಾಗಿ. ಮೊದಲು ಶುರು ಮಾಡಿದವರು ಕ್ಯೂನಲ್ಲಿದ್ದಾರೆ, ಈಗ ಶುರು ಮಾಡಿದವರು ಮನೆ ಮುಂದೆ ಚೆಸ್ ನೋಡುತ್ತಾ ಕೂತಿದ್ದಾರೆ. ಹಾಗಾದರೆ ಇದು ಬರೀ ರೈಲಿನ ವಿಷಯ ಅಲ್ಲ ಅಲ್ವಾ?

ಹೊಂಡಾ ಭತ್ತ

ಓನರಮ್ಮನನ್ನು ಗಲ್ಲಿಯವರೆಲ್ಲ ಕೋ ಬಾ ಅನ್ನುತ್ತಾರೆ. ಮೂರನೇ ಅತ್ತೆ ಅಂತ ಅರ್ಥ. ನಿಜಕ್ಕೂ ಅವರು ಮನೆಗೆ ಎರಡನೆಯವರು. ವಿಯೆಟ್ನಾಂನ ದಕ್ಷಿಣದ ಕಡೆ ಮೊದಲ ಮಗುವನ್ನೇ ಎರಡು ಅಂತ ಕರೆಯುತ್ತಾರೆ, ಒಂದು ಅನ್ನುವ ಮಗು ಯಾರ ಮನೆಯಲ್ಲೂ ಇರುವುದಿಲ್ಲ. ಮೆಕಾಂಗ್ ಬಯಲಿನ ರೈತರ ಮನೆಯ ಹುಡುಗಿ, ಮದುವೆಯಾಗಿ ಸೈಗಾನಿಗೆ ಬಂದವರು. ವಯಸ್ಸು ಅರವತ್ತರ ಮೇಲೆ. ನನ್ನನ್ನು ‘ಕೊನ್’ ಅನ್ನುತ್ತಾರೆ, ಅಂದರೆ ಮಗು. ನನ್ನ ನರೆತ ಗಡ್ಡಕ್ಕೆ ಅವರ ಹತ್ತಿರ ಯಾವ ಬೆಲೆಯೂ ಇಲ್ಲ.

ಅವತ್ತು ಸಂಜೆ ಆತೆ ಅನ್ನ ಉಣ್ಣುತ್ತಾ ಅಕ್ಕಿ ಚೆನ್ನಾಗಿದೆ ಅಂದರು. ತಂಗಿಯ ಮಗಳು ಅದನ್ನು ಅನುವಾದಿಸಿದಳು. ಕೋ ಬಾ ಖುಷಿಯಾಗಿ ಅಪ್ಪನ ಕಥೆ ತೆಗೆದರು. ಯುದ್ಧದ ಕಾಲ. ಅವರ ಊರಿಗೆ ಒಂದು ಹೊಸ ಭತ್ತ ಬಂತಂತೆ, ಗಿಡ್ಡ ಪೈರು, ರಾಶಿ ಮಾತ್ರ ಎರಡು ಪಟ್ಟು. ಒಂದು ಬೆಳೆ ಮಾರಿ ಅಪ್ಪ ಹೊಂಡಾ ಬೈಕ್ ತಂದರು. ಅದಕ್ಕೇ ಜನ ಆ ತಳಿಯನ್ನು ಹೊಂಡಾ ಭತ್ತ ಅಂತಲೇ ಕರೆದರು. ಆ ಕಥೆ ನನಗೆ ಗೊತ್ತಿತ್ತು. ಅದು ಐಆರ್8. 1966ರಲ್ಲಿ ಬಿಡುಗಡೆಯಾದ ತಳಿ, ಹುಟ್ಟಿದ್ದು ಫಿಲಿಪ್ಪೀನ್ಸ್‌ನ ಲೋಸ್ ಬಾನ್ಯೋಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಕೇಂದ್ರದಲ್ಲಿ. ಆತೆಯ ಊರಿನಿಂದ ಬಹಳ ದೂರವೇನಲ್ಲ.

“ಅಂದ್ರೆ ಬೀಜ ನಮ್ದು?” ಅಂದರು ಆತೆ.

“ಬೀಜ ನಿಮ್ಮದು ಆತೆ. ಅಕ್ಕಿ ಈಗ ಇವರದು.”

ಅವರು ನಕ್ಕರು. ಆದರೆ ಅದು ನಗುವ ವಿಷಯ ಆಗಿರಲಿಲ್ಲ. ಪ್ರಪಂಚದಲ್ಲೇ ಅತಿ ಹೆಚ್ಚು ಅಕ್ಕಿ ಕೊಳ್ಳುವ ದೇಶ ಈಗ ಫಿಲಿಪ್ಪೀನ್ಸ್. ಅದರ ದೊಡ್ಡ ಪಾಲು ಹೋಗುವುದು ವಿಯೆಟ್ನಾಂನಿಂದ. ನಾನು ಮನಿಲಾದಲ್ಲಿದ್ದಾಗ, 2018ರಲ್ಲಿ, ಕಿಲೋಗೆ 27 ಪೆಸೊದ ಸರ್ಕಾರಿ ಅಕ್ಕಿ ಮಾರ್ಕೆಟ್ಟಿನಿಂದ ಮಾಯವಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರೇ ಆದೇಶ ಹೊರಡಿಸಿ ಅಕ್ಕಿಗೆ 41 ಮತ್ತು 45 ಪೆಸೊ ಅಂತ ಗರಿಷ್ಠ ಬೆಲೆ ಕಟ್ಟಬೇಕಾಯಿತು.

ಎರಡು ದೇಶಗಳೂ ತಿರುವಿಗೆ ಬಂದಿದ್ದು ಒಂದೇ ವರ್ಷ, 1986ರಲ್ಲಿ. ಫೆಬ್ರವರಿಯಲ್ಲಿ ಮನಿಲಾದ ಎಡ್ಸಾ ರಸ್ತೆಯಲ್ಲಿ ಲಕ್ಷಾಂತರ ಜನ ನಿಂತು ಸರ್ವಾಧಿಕಾರಿ ಮಾರ್ಕೋಸ್‌ನನ್ನು ಓಡಿಸಿದರು. ಡಿಸೆಂಬರಿನಲ್ಲಿ ಹನೋಯಿಯ ಕಮ್ಯುನಿಸ್ಟ್ ಪಕ್ಷದ ಮಹಾಧಿವೇಶನ ಡೊಯಿ ಮೊಯಿ, ಅಂದರೆ ನವೀಕರಣ, ಅಂತ ನಿರ್ಧಾರ ಮಾಡಿತು. ಮನಿಲಾದವರಿಗೆ ಮತ ಸಿಕ್ಕಿತು. ಭೂಮಿ ಹಂಚುವ ಕಾನೂನು 1988ರಲ್ಲಿ ಬಂತು, ಜಮೀನ್ದಾರರ ವಂಶಗಳೇ ಕೂತಿರುವ ಸಂಸತ್ತಿನಲ್ಲಿ ಅದು ಎಳೆದಾಡಿ ಎಳೆದಾಡಿ ದಶಕಗಟ್ಟಲೆ ನಡೆಯಿತು. ವಿಯೆಟ್ನಾಂ ರೈತರಿಗೆ ಮತದ ಲೆಕ್ಕದಲ್ಲಿ ಏನೂ ಸಿಗಲಿಲ್ಲ. ಆದರೆ ಗದ್ದೆ ಸಾಮೂಹಿಕ ಬೇಸಾಯದಿಂದ ಮನೆಗಳ ಕೈಗೆ ಬಂತು. ಮಾಲೀಕತ್ವ ಇವತ್ತಿಗೂ ಸರ್ಕಾರದ್ದೇ, ಬಳಸುವ ಹಕ್ಕು ಮಾತ್ರ ಮನೆಯವರದ್ದು. ಕೋ ಬಾ ಅವರ ಅಣ್ಣನಿಗೂ ಹಾಗೆ ಒಂದಿಷ್ಟು ಗದ್ದೆ ಬಂತು. ಆ ಅಣ್ಣನ ವಿಷಯ ಆಮೇಲೆ ಹೇಳುತ್ತೇನೆ.

ಆರು ದಿನದ ಕಾನೂನು

ಗಲ್ಲಿಯವರು ಐದೂವರೆಗೆಲ್ಲ ಮನೆ ಸೇರುವುದಕ್ಕೆ ಕಾರಣ ಹುಡುಕುತ್ತಾ ಹೋದರೆ ಪವಾಡವೇನೂ ಸಿಗುವುದಿಲ್ಲ. ಬೆಳಗ್ಗೆ ಏಳೂವರೆಗೇ ಆಫೀಸುಗಳು ಶುರು. ಎಲ್ಲರ ಹತ್ತಿರವೂ ಬೈಕ್. ಮುಖ್ಯವಾಗಿ ಊರು ಇರುವುದೇ ಗಲ್ಲಿಗಳಲ್ಲಿ. ದೊಡ್ಡ ರಸ್ತೆಯ ಬೆನ್ನಿಗೆ ಗಲ್ಲಿ, ಗಲ್ಲಿಯೊಳಗೆ ಇನ್ನೊಂದು ಗಲ್ಲಿ. ಅಲ್ಲೇ ಕಿರಿದಾದ ಜಾಗದಲ್ಲಿ ಮೇಲಕ್ಕೆ ಮೇಲಕ್ಕೆ ಕಟ್ಟಿದ ಮನೆಗಳು. ಬ್ಯಾಂಕಿನವಳು, ಕೂದಲು ಕತ್ತರಿಸುವವನು, ಬೈಕ್ ಟ್ಯಾಕ್ಸಿಯವನು ಎಲ್ಲ ಒಂದೇ ಗಲ್ಲಿ. ಕೆಲಸ ಐದಾರು ಕಿಲೋಮೀಟರ್ ಒಳಗೆ. ಮನಿಲಾದಲ್ಲಿ ಊರೊಳಗಿನ ಒಳ್ಳೆಯ ಜಾಗಕ್ಕೆಲ್ಲ ಗೇಟು, ಗೇಟಿಗೆ ಸೆಕ್ಯೂರಿಟಿ. ಆತೆಯಂಥ ಸಂಬಳದವರು ಮನೆ ಕೊಳ್ಳಬೇಕಾದರೆ ಕವೀತೆಗೇ ಹೋಗಬೇಕು.

ಅವತ್ತು ಕೋ ಬಾ ಅವರ ಮೊಮ್ಮಗ, ನಾಲ್ಕನೇ ಕ್ಲಾಸಿನವನು, ಗಲ್ಲಿಯಲ್ಲಿ ಚೆಂಡು ಒದೆಯುತ್ತಿದ್ದ. ಒಂದು ತಿಂಗಳ ಹಿಂದೆ ಬಂದಿದ್ದರೆ ಆತೆಗೆ ಅವನು ಕಾಣುತ್ತಿರಲಿಲ್ಲ. ಆ ಹೊತ್ತಿಗೆ ಟ್ಯೂಷನ್‌ನಲ್ಲಿರುತ್ತಿದ್ದ. ಸ್ಕೂಲಿನ ಮೇಡಂ ಮನೆಯಲ್ಲೇ ಟ್ಯೂಷನ್, ಹೋಗದಿದ್ದರೆ ಕ್ಲಾಸಿನಲ್ಲಿ ಮುಖ ತಿರುಗಿಸುತ್ತಾರೆ ಅನ್ನುವ ಭಯ ಎಲ್ಲರಿಗೂ. ಫೆಬ್ರವರಿ 14ರಿಂದ ಹೊಸ ಸುತ್ತೋಲೆ ಬಂತು. ತಮ್ಮ ಕ್ಲಾಸಿನ ಮಕ್ಕಳಿಂದಲೇ ದುಡ್ಡು ತಗೊಂಡು ಪಾಠ ಹೇಳುವಂತಿಲ್ಲ, ಪ್ರೈಮರಿ ಮಕ್ಕಳಿಗಂತೂ ಪಾಠದ ಟ್ಯೂಷನ್ನೇ ಇಲ್ಲ. ಹುಡುಗನಿಗೆ ಒಂದೇ ಸಲಕ್ಕೆ ಸಂಜೆ ವಾಪಸ್ ಸಿಕ್ಕಿತು. ಅವನ ಅಮ್ಮನಿಗೆ ಮಾತ್ರ ತಳಮಳ. ಈ ದೇಶ ಮಕ್ಕಳ ಓದಿನಲ್ಲಿ ಸಾಧಿಸಿದ್ದು ಕಮ್ಮಿಯಲ್ಲ. ಹದಿನೈದು ವರ್ಷದ ಮಕ್ಕಳಿಗೆ ನಡೆಸುವ ಪೀಸಾ ಪರೀಕ್ಷೆಯಲ್ಲಿ 2022ರಲ್ಲಿ ವಿಯೆಟ್ನಾಂ ಗಣಿತಕ್ಕೆ 469 ಅಂಕ, ಫಿಲಿಪ್ಪೀನ್ಸ್‌ಗೆ 355. ಆ ನೂರು ಚಿಲ್ಲರೆ ಅಂಕದ ಹಿಂದೆ ಎಷ್ಟು ಮಕ್ಕಳ ಸಂಜೆ ಹೋಗಿದೆಯೋ, ಅದನ್ನು ಯಾವ ವರದಿಯೂ ಬರೆದಿಲ್ಲ.

ಇನ್ನು ಆರು ದಿನದ ಕಾನೂನು. 2024ರ ಡಿಸೆಂಬರ್ 26ಕ್ಕೆ ವಿಯೆಟ್ನಾಂ ಸರ್ಕಾರ 168ನೇ ನಂಬರಿನ ಆದೇಶಕ್ಕೆ ಸಹಿ ಹಾಕಿತು. ಜನವರಿ 1ಕ್ಕೆ ಜಾರಿ. ಬೈಕಿನವನು ಕೆಂಪು ದೀಪ ದಾಟಿದರೆ 40ರಿಂದ 60 ಲಕ್ಷ ಡಾಂಗ್ ದಂಡ. ಮೇಲೆ ಹೇಳಿದ ತಿಂಗಳ ಕನಿಷ್ಠ ಕೂಲಿ ಎಷ್ಟಿತ್ತು, ನೋಡಿ. ಒಂದು ಸಿಗ್ನಲ್ಲಿಗೆ ಒಂದು ತಿಂಗಳ ಸಂಬಳ! ಜನವರಿ ಎರಡನೇ ತಾರೀಕು ನಾನು ಕಂಡ ಸೈಗಾನೇ ಬೇರೆ. ಫುಟ್‌ಪಾತ್ ಮೇಲೆ ಒಂದು ಬೈಕಿಲ್ಲ. ರಾತ್ರಿ ಹನ್ನೊಂದಕ್ಕೆ, ಪೊಲೀಸರೂ ಇಲ್ಲದ ಖಾಲಿ ಸರ್ಕಲ್ಲಿನಲ್ಲಿ ಮೂವತ್ತು ಬೈಕುಗಳು ಉಸಿರು ಬಿಗಿಹಿಡಿದು ನಿಂತಿದ್ದವು. ಕೆಲವು ದೀಪಗಳು ಕೆಟ್ಟು ಕೆಂಪಿನಲ್ಲೇ ನಿಂತರೂ ಜನ ಅಲ್ಲಾಡಲಿಲ್ಲ.

ಮನಿಲಾದಲ್ಲಿ ಹಳೇ ಜೀಪ್ನಿಗಳನ್ನು, ಅಂದರೆ ಜೀಪಿನಂಥ ಮಿನಿ ಬಸ್ಸುಗಳನ್ನು, ತೆಗೆದು ಹೊಸ ವಾಹನ ತರುವ ಯೋಜನೆ 2017ರಲ್ಲಿ ಶುರುವಾಯಿತು. ನಾನಿದ್ದಾಗ ಆಗಾಗ ಮುಷ್ಕರ. ಗಡುವು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. 2023ರ ಕೊನೆ ಅಂದರು, 2024ರ ಏಪ್ರಿಲ್ ಅಂದರು. ಹೊಸ ಗಾಡಿಯ ಸಾಲ ತೀರಿಸಲು ಡ್ರೈವರ್‌ಗಳ ಕೈಲಾಗುವುದಿಲ್ಲ ಅನ್ನುವುದು ಅವರ ವಾದ, ಅದರಲ್ಲಿ ಸುಳ್ಳೇನಿಲ್ಲ. ಅವರು ಬೀದಿಗಿಳಿದು ಅದನ್ನು ಹೇಳಿದರು, ಟೀವಿಯವರು ತೋರಿಸಿದರು, ಕೋರ್ಟಿಗೂ ಹೋದರು. ಸೈಗಾನಿನ ಬೈಕ್ ಟ್ಯಾಕ್ಸಿಯವನಿಗೆ ಒಂದು ತಿಂಗಳ ಸಂಬಳದ ದಂಡದ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ಮನಿಲಾದಲ್ಲಿ ನಾನು ಈ ಗಲಾಟೆ ನೋಡಿ ತಲೆ ಚಚ್ಚಿಕೊಂಡಿದ್ದೆ. ಈಗ ಅದೇ ಗಲಾಟೆ ನೆನಪಾದರೆ ಏನೋ ಒಂದು ಗೌರವ ಬರುತ್ತದೆ. ಆದರೂ ಕ್ಯೂ ಮಾತ್ರ ಕರಗಿಲ್ಲವಲ್ಲ ಅನ್ನುವುದೂ ಅದರ ಹಿಂದೆಯೇ ಬರುತ್ತದೆ.

ಎಲ್ಲರ ಸಂಜೆ ಅಲ್ಲ

ಸೈಗಾನಿನ ಸಂಜೆ ಬಗ್ಗೆ ಇಷ್ಟು ಹೊಗಳಿದ ಮೇಲೆ ನನ್ನ ಕೆಲಸದ ಜಾಗವನ್ನೂ ಹೇಳಬೇಕು. ಬಿನ್ ಡೂಂಗ್, ಊರಿನಿಂದ ಉತ್ತರಕ್ಕೆ. (2025ರ ಜುಲೈವರೆಗೆ ಬೇರೆ ಪ್ರಾಂತ್ಯವಾಗಿತ್ತು.) ಅಲ್ಲಿನ ಫ್ಯಾಕ್ಟರಿಗಳಲ್ಲಿ ಸೀಸನ್ ಬಂದರೆ ಏಳು ಗಂಟೆಯ ಸಂಜೆಗೂ ಲೈನಿನಲ್ಲಿ ಎಲ್ಲ ಮಷಿನ್ ತುಂಬಿರುತ್ತದೆ. 2022ರ ಏಪ್ರಿಲ್‌ನಿಂದ ತಿಂಗಳಿಗೆ ಓಟಿ ಮಿತಿಯನ್ನು 40 ಗಂಟೆಯಿಂದ 60ಕ್ಕೆ ಏರಿಸಿದ್ದಾರೆ. ಹೆಣ್ಣುಮಕ್ಕಳು ಓಟಿ ಬೇಡ ಅನ್ನುವುದಿಲ್ಲ, ಓಟಿ ಇಲ್ಲದ ತಿಂಗಳಿಗೇ ಹೆದರುತ್ತಾರೆ. ಇರುವುದು ಸಾಲುಮನೆಯ ಒಂದೊಂದು ಕೋಣೆಯಲ್ಲಿ. ಮಕ್ಕಳು ಮೆಕಾಂಗ್ ಬಯಲಿನ ಊರುಗಳಲ್ಲಿ ಅಜ್ಜಿ ಹತ್ತಿರ. ಕಾಲರ್ ಕೂರಿಸುವ ಒಬ್ಬಾಕೆಯ ಮಷಿನ್ ಪಕ್ಕ ಒಂದು ಸಣ್ಣ ಕ್ಯಾಲೆಂಡರ್ ಇದೆ. ಹೊಸ ವರ್ಷದ ತೆತ್ ಹಬ್ಬದ ರಜೆಗೆ ಇನ್ನೆಷ್ಟು ದಿನ ಅಂತ ಬಾಬಿನ್ ಬದಲಿಸುವಾಗ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಾಳೆ. ಬಟ್ಟೆಗೆ ಗುರುತು ಹಾಕುವ ಅದೇ ಸೀಮೆಸುಣ್ಣ.

ಇದೂ ಕುವೈತ್‌ನ ಚಿಕ್ಕಮ್ಮನ ಕಥೆಯೇ, ಅಲ್ವಾ? ವ್ಯತ್ಯಾಸ ಇರುವುದು ದೂರದಲ್ಲಿ. ಕಾಲರ್ ಕೂರಿಸುವವಳು ಮಗುವಿಗೆ ಜ್ವರ ಬಂದರೆ ರಾತ್ರಿ ಬಸ್ ಹತ್ತಿ ಬೆಳಗ್ಗೆ ಊರಲ್ಲಿರುತ್ತಾಳೆ. ಚಿಕ್ಕಮ್ಮನಿಗೆ ಪಾಸ್‌ಪೋರ್ಟ್ ಬೇಕು, ಟಿಕೆಟ್ ಬೇಕು, ಮನೆ ಯಜಮಾನರ ಒಪ್ಪಿಗೆ ಬೇಕು. ಒಂದು ದೇಶ ತಾಯಂದಿರನ್ನು ಇನ್ನೂರು ಕಿಲೋಮೀಟರ್ ಆಚೆ ಕಳಿಸಿದೆ, ಇನ್ನೊಂದು ಏಳೂವರೆ ಸಾವಿರ ಕಿಲೋಮೀಟರ್. ನಾನು ಇದನ್ನು ಸಣ್ಣ ವ್ಯತ್ಯಾಸ ಅಂತ ಮಾತ್ರ ಅನ್ನಲಾರೆ.

ಚಹಾ ಆರುತ್ತೆ

ಕೋ ಬಾ ಅವರ ಅಣ್ಣನ ವಿಷಯ ಹೇಳುತ್ತೇನೆ ಅಂದಿದ್ದೆ. ಅವರ ಮನೆಯ ದೇವರ ಗೂಡಿನಲ್ಲಿ ಅಣ್ಣನ ಫೋಟೋ ಇದೆ. 2021ರಲ್ಲಿ ಕೋವಿಡ್‌ನಿಂದ ಹೋದರು. 2020ರಲ್ಲಿ ವಿಯೆಟ್ನಾಂ ಜಗತ್ತಿಗೇ ಮಾದರಿ ಅನ್ನಿಸಿಕೊಂಡಿತ್ತು, ಸಾವು ಬೆರಳೆಣಿಕೆಯಷ್ಟು. ಮುಂದಿನ ವರ್ಷ ಜುಲೈ, ಆಗಸ್ಟ್‌ನಲ್ಲಿ ಸೈಗಾನ್ ಕುಸಿದುಬಿತ್ತು. ಜನ ಬಾಗಿಲಾಚೆ ಕಾಲಿಡುವಂತಿರಲಿಲ್ಲ, ಸೈನಿಕರೇ ತರಕಾರಿ ತಂದುಕೊಡುತ್ತಿದ್ದರು. ಗುಣವಾಗಲಿ ಅಂತ ಅಣ್ಣನನ್ನು ಊರಿನಿಂದ ಸೈಗಾನಿಗೆ ಕರೆಸಿಕೊಂಡಿದ್ದು ಅದಕ್ಕೆ ಎರಡು ತಿಂಗಳ ಹಿಂದೆ, ಸಕ್ಕರೆ ಕಾಯಿಲೆಗೆ. ಆಸ್ಪತ್ರೆಗೆ ಹೋದವರು ವಾಪಸ್ ಬಂದಿದ್ದು ಬೂದಿಯಾಗಿ. ಇಬ್ಬರು ಯುವ ಸೈನಿಕರು ಬಾಗಿಲಿಗೆ ಬಂದು, ಬೂಟು ಬಿಚ್ಚಿ, ಎರಡೂ ಕೈಯಲ್ಲಿ ಕುಂಭ ಒಪ್ಪಿಸಿ, ತಲೆ ಬಗ್ಗಿಸಿ ಹೋದರಂತೆ.

ಇದನ್ನು ಅವರು ನನಗೆ ಹೇಳಿದ್ದು ಒಂದು ವರ್ಷ ಪರಿಚಯವಾದ ಮೇಲೆ. ನಾನು ನನ್ನ ಅರೆಬರೆ ಭಾಷೆಯಲ್ಲಿ ಕೇಳಿದೆ, ಗಲ್ಲಿಯವರಿಗೆ ಸಿಟ್ಟು ಬರಲಿಲ್ಲವಾ? ಲಸಿಕೆ ತಡವಾಗಿದ್ದಕ್ಕೆ, ಬಾಗಿಲು ಹಾಕಿಸಿದ್ದಕ್ಕೆ? ಯಾರಾದರೂ ಏನಾದರೂ ಅಂದರಾ? ಕೋ ಬಾ ಫೋಟೋದ ಮುಂದಿನ ಊದುಬತ್ತಿಯ ಬೂದಿ ಕೊಡವಿದರು. ಬಾಗಿಲು ಸ್ವಲ್ಪ ಮುಂದೆ ಮಾಡಿದರು. ಮತ್ತೆ ಬಂದು ಕೂತು ನನ್ನ ಲೋಟವನ್ನು ನನ್ನ ಕಡೆ ಸರಿಸಿದರು.

“ಚಹಾ ಆರುತ್ತೆ, ಕುಡಿ ಕೊನ್.”

ಆಮೇಲೆ ನಾನು ಆ ಪ್ರಶ್ನೆ ಕೇಳಿಲ್ಲ. ಅದನ್ನು ಭಯ ಅಂತ ಹೇಳಿಬಿಡುವುದು ಸುಲಭ. ದುಃಖ ಇರಬಹುದು, ಹೊರಗಿನವನಿಗೆ ಯಾಕೆ ಅನ್ನುವುದಿರಬಹುದು. ಆದರೆ ಬಾಗಿಲು ಮುಂದೆ ಮಾಡಿದ್ದು ನನ್ನ ಕಣ್ಣಿಗೆ ಬಿತ್ತು. ಪತ್ರಿಕಾ ಸ್ವಾತಂತ್ರ್ಯದ 2023ರ ಪಟ್ಟಿಯಲ್ಲಿ 180 ದೇಶಗಳ ಪೈಕಿ ವಿಯೆಟ್ನಾಂ 178. ನಾನು ಇಲ್ಲಿ ಮೂರು ವರ್ಷ ಆರಾಮಾಗಿದ್ದೇನೆ, ನನಗೆ ಆ 178 ಒಂದು ದಿನವೂ ಅಡ್ಡ ಬಂದಿಲ್ಲ. ಯಾಕೆ ಬರಬೇಕು? ನಾನು ಅತಿಥಿ. ನನಗೆ ಇಲ್ಲಿ ಹೇಳಬೇಕಾದ್ದು ಏನೂ ಇಲ್ಲ. ನನ್ನಂಥವರು ಬರೆಯುವ ‘ಯಾವ ದೇಶ ವಾಸಕ್ಕೆ ಚೆನ್ನ’ ಪಟ್ಟಿಗಳಲ್ಲಿ ಸೈಗಾನ್ ಯಾವಾಗಲೂ ಮೇಲೆ ಬರುವುದಕ್ಕೆ ಇದೂ ಒಂದು ಕಾರಣ. ಮನಿಲಾದ ಕ್ಯೂ ಅತಿಥಿಗೂ ತಟ್ಟುತ್ತದೆ. ಸೈಗಾನಿನ ಮುಂದೆ ಮಾಡಿದ ಬಾಗಿಲು ಅತಿಥಿಗೆ ಕಾಣುವುದೇ ಅಪರೂಪ.

ಇಷ್ಟೆಲ್ಲ ಆದ ಮೇಲೂ, ಮಗು ಬೆಳೆಸಲು ಯಾವ ಊರು ಅಂತ ನನ್ನನ್ನು ಗಟ್ಟಿಯಾಗಿ ಹಿಡಿದು ಕೇಳಿದರೆ ಸೈಗಾನ್ ಅಂತಲೇ ಅನ್ನುತ್ತೇನೆ. ಸುಮ್ನೆ ತಟಸ್ಥ ಅಂತ ನಟಿಸುವುದರಲ್ಲಿ ಅರ್ಥ ಇಲ್ಲ.

ಆ ಮಾರ್ಚ್ ಸಂಜೆಗೆ ವಾಪಸ್ ಬರುತ್ತೇನೆ. ಆತೆ ಬಂದ ವಾರವೇ, 11ನೇ ತಾರೀಕು, ಅವರ ಮಾಜಿ ಅಧ್ಯಕ್ಷ ದುತೆರ್ತೆಯನ್ನು ಮನಿಲಾ ಏರ್‌ಪೋರ್ಟಿನಲ್ಲಿ ಬಂಧಿಸಿ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಕಳಿಸಿದ್ದರು. ಆತೆಯ ಮನೆಯಲ್ಲಿ ಯುದ್ಧ. ಅಪ್ಪ ದುತೆರ್ತೆ ಕಡೆ, ಕುವೈತ್‌ನ ತಂಗಿ ಖುಷಿಯಿಂದ ಅತ್ತಿದ್ದಳು. ಇದನ್ನೆಲ್ಲ ಹೇಳುತ್ತಾ ಆತೆ ಎದ್ದು ನಿಂತು ದುತೆರ್ತೆಯ ಹಾಗೆ ತುಟಿ ಸೊಟ್ಟ ಮಾಡಿ, ಗೊಗ್ಗರು ದನಿಯಲ್ಲಿ ಬೈದು ತೋರಿಸಿದರು. ಚೆಸ್ ಆಡುವವರು ತಿರುಗಿ ನೋಡಿದರು. ಬ್ಯಾಂಕಿನ ಹುಡುಗಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ದನಿ ತಗ್ಗಿಸಿ ಇಂಗ್ಲಿಷಿನಲ್ಲಿ ಕೇಳಿದಳು:

“ರಸ್ತೆಯಲ್ಲಿ ನಿಂತು ಹೀಗೆ ಮಾಡಿದ್ರೂ ನಿಮಗೆ ಏನೂ ಆಗಲ್ವಾ?”

ಆತೆ ಕೂತರು. ಸ್ವಲ್ಪ ಹೊತ್ತು ಯೋಚಿಸಿದರು.

“ನನಗೆ ಏನೂ ಆಗಲ್ಲ. ನಮ್ಮ ಬೀದಿ ಕೊನೆಯಲ್ಲಿ ಬಾಡಿಗೆ ಟ್ರೈಸಿಕಲ್ ಓಡಿಸೋ ಒಬ್ಬ ಹುಡುಗ ಇದ್ದ. ಅವನು ಯಾರನ್ನೂ ಅಣಕಿಸಿರಲಿಲ್ಲ. ಅವನು ಈಗ ಇಲ್ಲ.”

ದುತೆರ್ತೆ ನಡೆಸಿದ ಡ್ರಗ್ಸ್ ವಿರುದ್ಧದ ಕಾರ್ಯಾಚರಣೆಯಲ್ಲಿ ಪೊಲೀಸರ ಲೆಕ್ಕದಲ್ಲೇ ಸತ್ತವರು ಆರು ಸಾವಿರಕ್ಕೂ ಹೆಚ್ಚು. ಹುಡುಗಿ ಮತ್ತೇನೂ ಕೇಳಲಿಲ್ಲ. ದೊಡ್ಡಮ್ಮನಿಗೆ ಅದನ್ನು ಅನುವಾದಿಸಲೂ ಇಲ್ಲ. ಕೋ ಬಾ ಅವರಿಗೆ ಮುಖ ನೋಡಿಯೇ ಏನೋ ಅರ್ಥವಾಗಿರಬೇಕು. ಒಳಗೆ ಹೋಗಿ ಹೆಚ್ಚಿದ ಮಾವಿನಕಾಯಿ, ಉಪ್ಪುಖಾರ ತಂದು ಆತೆಯ ಮುಂದಿಟ್ಟರು.

ಮೂರನೇ ರಾತ್ರಿ ಆತೆಯ ಫ್ಲೈಟು. ಒಂದು ಗಂಟೆಗೆ ಸೈಗಾನ್ ಬಿಟ್ಟರೆ ಐದಕ್ಕೆ ಮುಂಚೆ ಮನಿಲಾ. ಸಂಜೆ ಏಳಕ್ಕೇ ಬ್ಯಾಗ್ ತುಂಬಿಸಿ, ಮತ್ತೆ ಅದೇ ಸ್ಟೂಲಿನ ಮೇಲೆ ಬಂದು ಕೂತರು. ಹತ್ತೂವರೆಯವರೆಗೂ ಏಳಲಿಲ್ಲ. ಭಾಷೆ ಬರದಿದ್ದರೂ ಚೆಸ್ಸಿನಲ್ಲಿ ಒಂದು ಕಡೆ ಸೇರಿಕೊಂಡಿದ್ದರು. ಟ್ಯಾಕ್ಸಿ ಬಂದಾಗ ನಾನು, ಬೆಳಗ್ಗೆ ಮನೆಗೆ ಹೋಗಿ ಒಂದು ನಿದ್ದೆ ಮಾಡಿ ಆತೆ ಅಂದೆ.

“ಮನೆಗೆ ಎಲ್ಲಿ ಹೋಗ್ಲಿ? ಏರ್‌ಪೋರ್ಟಿಂದ ನೇರ ಆಫೀಸಿಗೇ. ಐದು ಗಂಟೆಗೆ ರಸ್ತೆ ಖಾಲಿ ಇರುತ್ತೆ, ಇಪ್ಪತ್ತೇ ನಿಮಿಷ” ಅಂದರು. ಅಂದು, ಹ್ಯಾಂಡ್‌ಬ್ಯಾಗಿನ ಜಿಪ್ ತೆಗೆದು ರಬ್ಬರ್ ಚಪ್ಪಲಿ ಇದೆಯಾ ಅಂತ ಒಮ್ಮೆ ನೋಡಿಕೊಂಡರು.